ಎಡಗೈ ಬ್ರೇಕು

ಇನ್ನರ್‌ಲೀಥನ್, ಸ್ಕಾಟ್ಲೆಂಡ್
ಗುರುವಾರ

ತಮ್ಮ ಫಿನ್ಲೇ,

ನನ್ನ ಎಡತೋಳು ಈಗ ಹೆಗಲವರೆಗೆ ಏಳುತ್ತದೆ. ಅದಕ್ಕಿಂತ ಮೇಲೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬೆಟ್ಟ ಇಳಿಯುವ ಹುಚ್ಚು ಇನ್ನು ಸಾಕೆಂದು ಸೈಕಲ್ಲನ್ನು ಮಾರಾಟಕ್ಕಿಟ್ಟಿದ್ದೆ. ರೇಸಿನಲ್ಲಿ ಬಿದ್ದ ದಿನದಿಂದ ಅದನ್ನು ಮುಟ್ಟಿಯೂ ಇರಲಿಲ್ಲ.

ನಿನ್ನೆ ಪೀಬಲ್ಸ್‌ನಿಂದ ಒಬ್ಬ ಹುಡುಗಿ ಸೈಕಲ್ ನೋಡಲು ಬಂದಳು. ಅಂಗಳದಲ್ಲಿ ಒಂದು ಸುತ್ತು ಹೊಡೆದು ಎಡಗೈ ಬ್ರೇಕು ಒತ್ತಿದಳು. ಮುಂದಿನ ಚಕ್ರ ಗಕ್ಕನೆ ನಿಂತಿತು.

"ಏನಕ್ಕಾ, ಬ್ರೇಕು ಉಲ್ಟಾ ಇದೆ. ಎಡಗೈದು ಮುಂದಿನ ಚಕ್ರಕ್ಕಿರೋದು ಫ್ರಾನ್ಸ್‌ನಲ್ಲಿ, ಅಲ್ಲಿಯೋರು ಯಾರಾದ್ರೂ ಓಡಿಸ್ತಿದ್ರಾ?" ಅಂದಳು.

ಫ್ರಾನ್ಸಿನ ಬೆಟ್ಟಗಳಲ್ಲಿ ಎರಡು ವರ್ಷ ಓಡಿಸಿ ಬಂದವನು ನೀನು. ರೇಸಿನ ಹಿಂದಿನ ವಾರ ನನ್ನ ಸೈಕಲ್ ಎರವಲು ಒಯ್ದವನೂ ನೀನು. "ಚೈನಿಗೆ ಎಣ್ಣೆ ಬಿಟ್ಟಿದೀನಿ, ಹತ್ಕೊಂಡು ಹೋಗ್ತಾ ಇರು" ಅಂತ ವಾಪಸ್ ಕೊಟ್ಟೆ. ರೇಸಿನ ದಿನ ನಾನು ಬ್ರೇಕು ಒತ್ತಿಯೂ ನೋಡದೆ ವ್ಯಾನಿನಲ್ಲಿ ಬೆಟ್ಟದ ಮೇಲೆ ಹೋಗಿ, ಕಡಿದಾದ ಬಂಡೆಯ ಮೇಲೆ ಹಿಂದಿನ ಚಕ್ರ ಹಿಡಿಯಲೆಂದು, ಇಲ್ಲಿ ಎಲ್ಲರೂ ಒತ್ತುವ ಹಾಗೆ, ಎಡಗೈ ಬ್ರೇಕು ಒತ್ತಿದೆ; ನಿಂತದ್ದು ಮುಂದಿನ ಚಕ್ರ, ನಾನು ಅದರ ಮೇಲಿಂದ ಹಾರಿ ಬಿದ್ದೆ.

ಆಸ್ಪತ್ರೆಯಲ್ಲಿ ನೀನು ಅಮ್ಮನಿಗೆ ಹೇಳಿದೆ: "ಇಳಿಜಾರು ಕಂಡ್ರೆ ಇವಳಿಗೆ ಕೈ ನಡುಗುತ್ತಮ್ಮಾ, ಏನ್ಮಾಡೋದು." ಅಮ್ಮ ನಂಬಿದಳು. ನಾನೂ ನಂಬಿದೆ. ಆಮೇಲೆ ಸೈಕಲ್ ತೊಳೆದುಕೊಡುತ್ತೇನೆಂದು ನೀನು ಎರಡೆರಡು ಸಲ ಬಂದಾಗ, ತಮ್ಮನಿಗೆ ಎಷ್ಟು ಪ್ರೀತಿ ಎಂದುಕೊಂಡು, ಬೇಡವೆಂದು ಕಳಿಸಿದೆ.

ಸೈಕಲ್ ಮಾರಿಲ್ಲ. ನಿನ್ನ ಬಳಿಯಿರುವ ನನ್ನ ಗೇರಿಲ್ಲದ ಹಳೆಯ ಸೈಕಲ್ ತಂದುಬಿಡು. ಅದು ಪೆಡಲು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಯಾರಾದರೂ ಅದಲುಬದಲು ಮಾಡಲು ಅದಕ್ಕೆ ಕೈಬ್ರೇಕೇ ಇಲ್ಲ.

ಭಾನುವಾರ ಊಟಕ್ಕೆ ಬರುವಾಗ ಸ್ಪ್ಯಾನರ್ ಜೊತೆಗಿರಲಿ. ಈ ಬ್ರೇಕನ್ನು ನೀನೇ ಸರಿಮಾಡಬೇಕು, ಅಮ್ಮನ ಎದುರಿಗೆ. ಯಾರ ಕೈ ನಡುಗುತ್ತದೆಂದು ಅವಳೂ ನೋಡಲಿ.

ನಿನ್ನ ಅಕ್ಕ,
ಮೋರಾಗ್