ಒಡಪು ಮುಗಿಯುವವರೆಗೆ

ಕುಷ್ಟಗಿ, ಅಧಿಕ ಫೆಬ್ರವರಿ ಮೂವತ್ತು, ೨೧೭೧

ನೂರೈವತ್ತು ವರ್ಷ ಹಿಂದಿನ ನನ್ನ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲಕ್ಕೆ ಫೆಬ್ರವರಿಗೂ ಅಧಿಕ ಮಾಸ ಬಂದಿದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಅದಕ್ಕೆ ಕಾಲವೊಂದೇ ಕಾರಣವಲ್ಲ. ನಾನು ಕೋಲಾರದಲ್ಲಿ ಇಂಗ್ಲಿಷ್ ಮೀಡಿಯಂ ಓದಿದವಳು, ಕನ್ನಡವನ್ನು ಬಹಳ ಪ್ರೀತಿಯಿಂದ, ಬಹಳ ನಿಧಾನವಾಗಿ ಬರೆಯುತ್ತೇನೆ.

ಇಲ್ಲಿ ಹೊಸದಾಗಿ ಮದುವೆಯಾದವರಿಗೆ ಒಂದು ಹಿನ್ನೋಲೆ ಉಡುಗೊರೆಯಾಗಿ ಸಿಗುತ್ತದೆ. ಹಿನ್ನೋಲೆಯೆಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ. ನಾನು ಅದರ ತುಂಬ ನನ್ನ ಗಂಡ ಚನ್ನವೀರನ ಬಗ್ಗೆಯೇ ಬರೆಯಬೇಕೆಂದಿದ್ದೆ. ಅವನು ಕಣ್ಣು ಮುಚ್ಚಿಕೊಂಡು ನಗುವುದನ್ನು ನೀವು ನೋಡಬೇಕು. ತೇಲುಬಂಡಿಯಲ್ಲಿ, ಅಂದರೆ ನೆಲದಿಂದ ಗೇಣೆತ್ತರದಲ್ಲಿ ಓಡುವ ನಮ್ಮ ಬಸ್ಸಿನಲ್ಲಿ, ಕಿಟಕಿಯ ಸೀಟನ್ನು ನನಗೇ ಬಿಟ್ಟುಕೊಡುತ್ತಾನೆ. ಆಮೇಲೆ ನನ್ನ ಮೈಮೇಲೆ ಬಾಗಿ ತಾನೇ ಹೊರಗೆ ನೋಡುತ್ತಾನೆ. ಅಷ್ಟು ಮುದ್ದು.

ನಾನು ಮನೆ ತುಂಬಿದ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಕೇಳಿದರು. ಈ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ; ಹೇಳಿದರೆ ಅವನ ಆಯುಷ್ಯ ಸವೆಯುತ್ತದೆಂಬ ನಂಬಿಕೆ. ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಸೇರಿಸಿ ಹೇಳಿದರೆ ಮಾತ್ರ ದೋಷವಿಲ್ಲ, ಅದೇ ಒಡಪು. ನನಗೇನು ಗೊತ್ತು? ಗಟ್ಟಿಯಾಗಿ "ಚನ್ನವೀರ" ಎಂದುಬಿಟ್ಟೆ. ಎಲ್ಲರೂ ಹೌಹಾರಿದರು. ಆಗ ಮಾವನವರು, "ಬಿಡ್ರಿ, ಕೋಲಾರದ ಮಾತು ಕುಷ್ಟಗಿ ಯಮಗ ತಿಳಿಯಂಗಿಲ್ಲ" ಎಂದರು. ಆ ಕ್ಷಣದಿಂದ ನಾನು ಅವರ ಮಗಳಾದೆ. ಅತ್ತೆ ಗೌರವ್ವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತಮ್ಮದೇ ಒಡಪು ಹೇಳಿ ತೋರಿಸಿದರು:

ಕರಿಯ ಬೀಸುಕಲ್ಲ, ಬಿಳಿಜೋಳದ ಹಿಟ್ಟ,
ವೀರಸಂಗಪ್ಪನವರ ಮುಂದ ನಂದೆಲ್ಲೀ ಸಿಟ್ಟ.

ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಮಾವನವರು ನಾಚಿಕೊಂಡು ಹಿತ್ತಿಲಿಗೆ ಹೋದರು.

ನಮ್ಮ ಮನೆಗಳ ಗೋಡೆಯಲ್ಲಿ ಉಸಿರುಪೆಟ್ಟಿಗೆ ಇರುತ್ತದೆ. ಯಾರಿಗಾದರೂ ಉಬ್ಬಸ ಬಂದರೆ ಅದು ಅವರವರಿಗೆ ತಕ್ಕ ಔಷಧಿಯ ಆವಿ ಬಿಡುತ್ತದೆ. ಯಾರಿಗೆ ಎಂದು ಕೇಳುತ್ತದೆ, ರೋಗಿಯ ಹೆಸರು ಹೇಳಿದರೆ ತೆರೆಯುತ್ತದೆ. ಓದುಬರಹ ಬಾರದವರಿಗೂ ಸುಲಭವಾಗಲೆಂದೇ ಹಾಗೆ ಮಾಡಿದರಂತೆ. ಕೇಳಿದರೆ ಮಳೆಯ ಸುದ್ದಿ, ಪೇಟೆ ಧಾರಣೆಯನ್ನೂ ಅದೇ ಹೇಳುತ್ತದೆ. ಊರಿಗೆ ಅದು ಬಂದಾಗ ಕಲಿಸಲು ಬಂದವರು ಹೆಂಗಸರಿಗೆ ಅವರವರ ಹೆಸರು ಹೇಳಿಸಿದರು. ಗಂಡಂದಿರ ಹೆಸರು ಹೇಳಿ ಎಂದಾಗ ಎಲ್ಲರೂ ಸೆರಗನ್ನು ಬಾಯಿಗಿಟ್ಟು ನಕ್ಕರು. "ಅದನ್ನ ಹುಡುಗ್ರು ಹೇಳ್ತಾವ ಬಿಡ್ರಿ" ಎಂದರು ಅತ್ತೆ. ಕಲಿಸುವವರೂ ನಕ್ಕು ಮುಂದಿನ ಓಣಿಗೆ ಹೋದರು.

ಕಳೆದ ವಾರ ನಾವಿಬ್ಬರೂ ನನ್ನ ತವರಿಗೆ ಹೋಗಿದ್ದೆವು. ಇಲ್ಲಿ ಮಟಮಟ ಮಧ್ಯಾಹ್ನ ದೂಳುಗಾಳಿ ಎದ್ದು ಮಾವನವರಿಗೆ ಉಸಿರು ಕಟ್ಟಿತು, ತಮ್ಮ ಹೆಸರು ಹೇಳಲೂ ಬಾಯಿಂದ ಮಾತು ಹೊರಡಲಿಲ್ಲ. ಅತ್ತೆ ಪೆಟ್ಟಿಗೆಯ ಮುಂದೆ ನಿಂತು "ನಮ್ಮನಿಯವ್ರಿಗೆ" ಎಂದರು. ಹೆಸರು ಹೇಳಿ ಎಂದಿತು. "ಚನ್ನವೀರನ ಅಪ್ಪಗ" ಎಂದರು. ಚನ್ನವೀರ ಮನೆಯಲ್ಲಿಲ್ಲ ಎಂದಿತು. ಕೊನೆಗೆ ಅತ್ತೆ ಒಡಪು ಶುರುಮಾಡಿದರು. ಬಿಳಿಜೋಳ ಎಂದು ಕೇಳಿದ್ದೇ ತಡ, ಪೆಟ್ಟಿಗೆ ಅಂದಿನ ಜೋಳದ ಪೇಟೆ ಧಾರಣೆ ಹೇಳತೊಡಗಿತು. ಅವರು ಮತ್ತೆ ಮೊದಲಿನಿಂದ ಶುರುಮಾಡಿದರು, ಅದೂ ಮತ್ತೆ ಧಾರಣೆ ಹೇಳಿತು. ಅತ್ತೆ ಓಡಿಹೋಗಿ ನೆರೆಯವರನ್ನು ಕರೆತರುವಷ್ಟರಲ್ಲಿ ಮಾವನವರು ಹೋಗಿದ್ದರು.

"ಒಂದ್ ಹೆಸರು ಹೇಳಾಕ ಆಗಲಿಲ್ಲೇನಬೇ ನಿನಗ?" ಎಂದು ಚನ್ನವೀರ ಹೆಣದ ಮುಂದೆಯೇ ಕೂಗಿದ.

"ಹೇಳಾಕ ಹತ್ತಿದ್ದೆ, ಅದು ನಡುವ ಬಾಯಿ ಹಾಕ್ತು" ಎಂದರು ಅತ್ತೆ. "ಮೊದಲಽ ಉಸಿರಿಗೆ ಒದ್ದಾಡೋ ಮನುಷ್ಯಾನ ಆಯುಷ್ಯಾ ನಾನು ಹ್ಯಾಂಗ ಕಡೀಲಿ?"

ಆಮೇಲೆ ತಾಯಿ ಮಗ ಮಾತಾಡಿಲ್ಲ. ನಾನು ಅವನನ್ನು ಇಂದಿಗೂ ಅಷ್ಟೇ ಪ್ರೀತಿಸುತ್ತೇನೆ, ಆದರೆ ಅವನು ಕಣ್ಣು ಮುಚ್ಚಿ ನಕ್ಕು ವಾರವಾಯಿತು. ಮಣ್ಣು ಮಾಡಲು ಬಂದವರು ಅತ್ತೆಯನ್ನು ಓದಿಲ್ಲದ ಹೆಂಗಸು ಎಂದರು. ಅವರು ಓದಿಲ್ಲ, ನಿಜ. ಪೆಟ್ಟಿಗೆಯನ್ನು ಮಾಡಿದವರೆಲ್ಲ ಓದಿದ್ದರು; ಹೆಸರಿಗಿಂತ ಸುಲಭದ ಮಾತಿಲ್ಲ ಎಂದುಕೊಂಡರು. ನಾನೂ ಬಾಗಿಲಲ್ಲಿ ಹಾಗೆಯೇ ಅಂದುಕೊಂಡಿದ್ದೆ.

ಈ ಹಿನ್ನೋಲೆಯನ್ನು ಕಳೆದ ವಾರಕ್ಕೆ ಕಳಿಸಲಾದೀತೇ ಎಂದು ಕೇಳಿದೆ. ನೂರು ವರ್ಷದ ಈಚೆಗೆ ತಲುಪುವುದಿಲ್ಲವಂತೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಯಂತ್ರಗಳಿಗೆ ನಮ್ಮ ಮಾತು ಕಲಿಸಲು ಶುರುಮಾಡಿದವರು ನೀವೇ. ದಯವಿಟ್ಟು ಅವನ್ನು ಸ್ವಲ್ಪ ಹೊತ್ತು ಗೌರವ್ವನಂಥವರ ಅಡುಗೆಮನೆಯಲ್ಲಿ ಕೂರಿಸಿ. ಒಡಪು ಮುಗಿಯುವವರೆಗೆ ಸುಮ್ಮನಿರುವುದನ್ನು ಕಲಿಸಿ. ಹೆಸರು ಕೊನೆಯಲ್ಲಿ ಬರುತ್ತದೆ.

ಈಗ ಅತ್ತೆ ದಿನಾ ಬೆಳಗ್ಗೆ ಪೆಟ್ಟಿಗೆಯ ದೂಳು ಒರೆಸಿ ಅದರ ಮುಂದೆ ನಿಲ್ಲುತ್ತಾರೆ. "ವೀರಸಂಗಪ್ಪ" ಎನ್ನುತ್ತಾರೆ, ಪ್ರಾಸವಿಲ್ಲದೆ, ಸ್ಪಷ್ಟವಾಗಿ. ಸವೆಯಲು ಇನ್ನು ಆಯುಷ್ಯವಿಲ್ಲವಲ್ಲ. ಪೆಟ್ಟಿಗೆ ತಕ್ಷಣ ತೆರೆದುಕೊಳ್ಳುತ್ತದೆ. ಖಾಲಿ ಮಂಚದ ಮೇಲೆ ತಣ್ಣನೆಯ ಆವಿ ಹರಡುತ್ತದೆ. ಅದು ಮುಚ್ಚಿಕೊಳ್ಳುವವರೆಗೂ ಅವರು ಅಲ್ಲೇ ನಿಂತಿರುತ್ತಾರೆ.

ಗೌರವ್ವನ ಸೊಸೆ,
ಸಿಂಚನ