ನಗು ಇಲ್ಲದ ಜಾಹೀರಾತು

ಅಕ್ಟೋಬರ್ 6, ಸೋಮವಾರ

ಕುಕ್ಕರಿಗೆ ಅಕ್ಕಿ ಹಾಕಿ ಮೊಬೈಲ್ ಹಿಡಿದು ಕೂತೆ. ಅದೇ ವಿಡಿಯೊ. ಹಳೆಯ ದೀಪಾವಳಿ ಜಾಹೀರಾತುಗಳು, ಒಂದರ ಹಿಂದೊಂದು. ಪೇಂಟು, ಬಲ್ಬು, ಅಡುಗೆ ಎಣ್ಣೆ, ಮಿಕ್ಸರು, ಸ್ಕೂಟರು. ಚಿತ್ರದ ತುಂಬ ಗೀರು. ಮನುಷ್ಯರ ಮುಖ ಹಸಿರಿಗೆ ತಿರುಗಿದೆ. ಆದರೂ ಕಣ್ಣು ಕೀಳಲಾಗುವುದಿಲ್ಲ. ಆ ಕಾಲದಲ್ಲಿ ಇವು ಬಂದರೆ ಎದ್ದು ನೀರು ಕುಡಿಯಲು ಹೋಗುತ್ತಿದ್ದೆವು. ಈಗ ಇವುಗಳ ನಡುವೆ ಹೊಸ ಜಾಹೀರಾತು ಬಂದು ಅಡ್ಡಗಾಲು ಹಾಕುತ್ತದೆ, ಅದಕ್ಕೆ ಬೈಯುತ್ತೇನೆ. ಜಾಹೀರಾತು ನೋಡಲು ಬಿಡದ ಜಾಹೀರಾತು!

ಎಲ್ಲದರಲ್ಲೂ ಕಥೆ ಒಂದೇ. ಯಾರೋ ಊರಿಂದ ಬರುತ್ತಾರೆ. ಬಾಗಿಲು ತೆರೆಯುತ್ತದೆ. ಒಳಗೆ ಮನೆ ತುಂಬ ಜನ, ಒಬ್ಬರ ಕೈಯಲ್ಲಿ ಆರತಿ, ಇನ್ನೊಬ್ಬರ ಕೈಯಲ್ಲಿ ಮಿಠಾಯಿ. ನನ್ನ ಬಾಗಿಲು ಬಡಿಯುವವನು ಕೊರಿಯರಿನವನು. ಅದೂ ಕೆಳಗಿನ ಮನೆಯವರ ಪಾರ್ಸಲ್ಲು.

ಸೀಟಿ ಎಷ್ಟಾಯಿತೋ ಎಣಿಸಲಿಲ್ಲ. ಅನ್ನ ಮುದ್ದೆಯಾಗಿತ್ತು. ನಿನ್ನೆಯ ಸಾರು ಇತ್ತು, ನಡೆಯಿತು.

ಅಕ್ಟೋಬರ್ 8, ಬುಧವಾರ

 

ಸಂಜೆ ಮೇಘಾ ಮೇಲೆ ಬಂದಳು. ಮನೆ ಮಾಲೀಕ ನಾಗಲಿಂಗಪ್ಪನವರ ಸೊಸೆ. ಪೀರನವಾಡಿಯ ಈ ಮನೆಯಲ್ಲಿ ನನ್ನ ಜೊತೆ ಬಾಡಿಗೆ ಬಿಟ್ಟು ಬೇರೆ ಮಾತಾಡುವವಳು ಇವಳೊಬ್ಬಳೇ.

"ಶಶಿಕಾಕಾ, ಇದೊಂದ್ ಕೇಳ್ರಿ. ಥೇಟ್ ನಿಮ್ಮ ಧ್ವನಿ ಇದ್ದಂಗ ಐತಿ."

ಹಳೆಯ ಬೆಳಗಾವಿಯ ಫೋಟೊ ಹಾಕುವ ಯಾವುದೋ ಫೇಸ್‌ಬುಕ್ ಪೇಜು. ಅದರಲ್ಲಿ ಒಂದು ವಿಡಿಯೊ. ಸೀರೆಗಳ ಸ್ಟಿಲ್ ಫೋಟೊ, ಮೂಲೆಯಲ್ಲಿ ನಡುಗುವ ಹಣತೆ. ಆಮೇಲೆ ಹೆಣ್ಣಿನ ಧ್ವನಿ —

"ರೀ, ದೀಪಾವಳಿ ಬಂತು. ಇನ್ನೂ ಪೇಪರ್ ಓದ್ಕೋತ ಕುಂತೀರೇನು?"

"ಪೇಪರಿನಾಗ ಅಕ್ಷತಾ ವಸ್ತ್ರ ಭಂಡಾರದ ಸುದ್ದಿ ಐತಿ. ಸೀರಿ, ಜಂಪರು, ಶರ್ಟಿಂಗು, ಎಲ್ಲಾ ಒಂದ ಕಡೆ. ಖಡೇಬಜಾರ."

"ಹಂಗಾದ್ರ ತಡಾ ಯಾಕ್ರಿ?"

"ಏಳು, ಹೊರಡೂಣು."

"ಮೊದಲ ಚಪ್ಪಲಿ ಹಾಕ್ಕೋರಿ!"

ಮೇಘಾ ನನ್ನ ಮುಖ ನೋಡುತ್ತಿದ್ದಳು. ನಾನು ಕನ್ನಡಕ ಒರೆಸಿದೆ. "ಹೌದವಾ, ನಾನ" ಎಂದೆ. ಅಷ್ಟು ಹೇಳುವುದಕ್ಕೆ ನೀರು ಕುಡಿಯಬೇಕಾಯಿತು.

"ಮತ್ತ ಈ ಅವ್ವಾರು?"

"ಕಾಂತಾ ಅಂತ. ಖಾನಾಪುರದವರು."

ಮೇಘಾ ಕೆಳಗೆ ಹೋದ ಮೇಲೆ ಮತ್ತೆ ಹಾಕಿದೆ. ಮತ್ತೆ. ಮತ್ತೆ...

ಅಕ್ಟೋಬರ್ 9, ಗುರುವಾರ

ಯಾರಿಗೂ ಹೇಳದ್ದನ್ನು ಇಲ್ಲಿ ಬರೆದರೆ ತಪ್ಪೇನು.

ಆಗ ನನಗೆ ಹಗಲು ಉದ್ಯಮಬಾಗದ ಫೌಂಡ್ರಿಯಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನ ಕೆಲಸ. ಸಂಜೆ ಊರಿನ ಕೇಬಲ್ ಟಿವಿಯವರ ಜಾಹೀರಾತಿಗೆ ಧ್ವನಿ. ಬೆಳಗಾವಿಯ ಶಹಾಪುರದಲ್ಲಿ ಅವರ ಆಫೀಸಿನ ಹಿಂದೆ ಒಂದು ಕೋಣೆ. ಸದ್ದು ಗುಂಯ್‌ಗುಡಬಾರದೆಂದು ಗೋಡೆಗೆಲ್ಲ ಗೋಣಿಚೀಲ ಹೊಡೆದಿದ್ದರು. ಫ್ಯಾನ್ ಬಂದ್ ಮಾಡಿ ರೆಕಾರ್ಡಿಂಗು. ಬೆವರು ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು.

ಅಕ್ಷತಾದ ಮಾಲೀಕರು ಒಂದು ಸಲ ಬರೆಸಿದ ಮಾತನ್ನು ಎಂದೂ ಬದಲಿಸಲಿಲ್ಲ. ಕೇಬಲ್ಲಿನವರು ಹಬ್ಬ ಮುಗಿದೊಡನೆ ಟೇಪು ಅಳಿಸಿ ಬೇರೆಯದಕ್ಕೆ ಹಾಕುತ್ತಿದ್ದರು. ಹಾಗಾಗಿ ಪ್ರತಿವರ್ಷ ಅದೇ ಮಾತು, ಹೊಸ ರೆಕಾರ್ಡಿಂಗು. ನನಗೊಂದು ಪ್ಯಾಂಟ್ ಪೀಸು, ಕಾಂತಾಗೊಂದು ಜಂಪರ್ ಪೀಸು.

ಕಾಂತಾ ಜೈನರ ಮನೆಯ ಹುಡುಗಿ. ನಂದಗಡದ ಸಾಲೆಯಲ್ಲಿ ಟೀಚರು. ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಆ ಚಪ್ಪಲಿಯ ಮಾತು ಬರೆದದ್ದರಲ್ಲಿ ಇರಲೇ ಇಲ್ಲ. ಮೊದಲನೇ ವರ್ಷ ನಾನು "ಹೊರಡೂಣು" ಎಂದಾಗ ನನ್ನ ಬರಿಗಾಲು ನೋಡಿ ತಾನೇ ಅಂದುಬಿಟ್ಟಳು. ಅಂದು ನಕ್ಕಳು. ರೆಕಾರ್ಡಿಂಗ್ ಮಾಡುವ ರಾಯಪ್ಪ ಅದನ್ನು ಹಾಗೇ ಬಿಟ್ಟ. ಆಮೇಲೆ ಪ್ರತಿವರ್ಷ ಆ ಮಾತೂ ಬಂತು, ಆ ನಗುವೂ ಬಂತು.

ವರ್ಷಕ್ಕೆ ಒಂದು ಸಂಜೆ ನಾವು ಗಂಡ ಹೆಂಡತಿ. ನಾನು ಮಾಡಿದ ಸಂಸಾರ ಅಷ್ಟೇ. ಅವಳಿಗೆ ಒಂದು ಮಾತೂ ಹೇಳಲಿಲ್ಲ. ಅವರು ಜೈನರು, ನಾವು ಲಿಂಗಾಯತರು, ನಾನು ಪುಕ್ಕಲ. ಮೂರರಲ್ಲಿ ಮೂರನೆಯದೇ ದೊಡ್ಡದು.

ಅವಳಿಗೂ ಏನಾದರೂ ಇತ್ತೇ, ಅಥವಾ ಬರೀ ಕಾಗದ ನೋಡಿ ಓದುತ್ತಿದ್ದಳೇ? ಇದೊಂದು ತಿಳಿದರೆ ಸಾಕು.

ಅಕ್ಟೋಬರ್ 10, ಶುಕ್ರವಾರ

ವಿಡಿಯೊ ಕೆಳಗೆ ಜನ ಬರೆಯುತ್ತಲೇ ಇದ್ದಾರೆ. "ಖರೇ ಗಂಡ ಹೆಂಡತಿ ಇದ್ರಂತ ನಮ್ಮವ್ವ ಹೇಳ್ತಿದ್ಲು." "ಇದು ಬಂತಂದ್ರ ಹಬ್ಬ ಬಂದಂಗ." ಒಬ್ಬನಂತೂ "ಈ ಮನುಷ್ಯಾ ಈಗ ಇರಲಿಕ್ಕಿಲ್ಲ ಬಿಡ್ರಿ" ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದ್ದಾನೆ. ಇದ್ದೇನೋ ಮಾರಾಯ, ಪೀರನವಾಡಿಯಲ್ಲಿ!

ಮೇಘಾ ಕೈಯಲ್ಲಿ ಬರೆಸಿದೆ: ಗಂಡಿನ ಧ್ವನಿ ನನ್ನದು, ಹೆಣ್ಣಿನದು ಖಾನಾಪುರದ ಕಾಂತಾ ಅವರದು, ನಾವು ದಂಪತಿ ಅಲ್ಲ. ಕೊನೆಯ ಮಾತು ಬರೆಸುವಾಗ ಸ್ವಲ್ಪ ತಡೆದೆ.

ಒಂದೇ ಕೊರತೆ. ವಿಡಿಯೊದಲ್ಲಿ ನಗು ಇಲ್ಲ. ಚಪ್ಪಲಿ ಮಾತು ಆದೊಡನೆ ಕಟ್. ಟೇಪು ಅಲ್ಲಿ ಸವೆದಿರಬೇಕು. ಇರಲಿ, ಆ ಧ್ವನಿ ಸಾಕು. ಸಾವಿರ ಜನರ ನಡುವೆ ಕೇಳಿದರೂ ಗುರುತಿಸುತ್ತೇನೆ.

ಅಕ್ಟೋಬರ್ 13, ಸೋಮವಾರ

ಖಾನಾಪುರದಿಂದ ಪ್ರಾಚಿ ಎನ್ನುವ ಹುಡುಗಿ ಉತ್ತರ ಬರೆದಿದ್ದಾಳೆ. "ಕಾಂತಾ ನಮ್ಮ ಕಾಕು, ಕಾಕಾನ ಹೆಂಡ್ತಿ. ಕಾಕಾಂದು ಬಜಾರದಾಗ ಭಾಂಡೆ ಅಂಗಡಿ ಐತಿ. ಬರ್ರಿ ಸರ್, ಎಲ್ಲಾರಿಗೂ ಖುಷಿ ಆಗತೈತಿ."

ಮದುವೆಯಾದದ್ದು ಗೊತ್ತೇ ಇತ್ತು. ಕಾರ್ಡು ಬಂದಿತ್ತು. ಹೋಗಿರಲಿಲ್ಲ.

ಮೇಘಾ ಬಿಡುವುದಿಲ್ಲ. "ಮನಿ ಮುಂದ ಖಾನಾಪುರ ಬಸ್ ನಿಲ್ಲತಾವು. ಹತ್ತೂದಷ್ಟ ಕೆಲಸ ನಿಮ್ದು!"

ಅದೇ ಕೆಲಸ ಇಷ್ಟು ವರ್ಷ ಆಗಿಲ್ಲ ತಂಗೀ.

ಅಕ್ಟೋಬರ್ 17, ಶುಕ್ರವಾರ

ಹೋಗಿ ಬಂದೆ.

ಇಸ್ತ್ರಿ ಮಾಡಿದ ಅಂಗಿ, ಅರ್ಧ ಕಿಲೋ ಕುಂದಾ. ಬಸ್ಸಿನಲ್ಲಿ ಕಿಟಕಿ ಸೀಟು. ಕೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತ ಹೋದೆ. ಪಕ್ಕದವನು ಒಂದೆರಡು ಸಲ ತಿರುಗಿ ನೋಡಿದ.

ಅಂಗಡಿಯಲ್ಲಿ ಪಾತ್ರೆಗಳ ನಡುವೆ ಅವಳ ಗಂಡ ಪದ್ಮಾಕರ. ದುಂಡಗಿನ ಮನುಷ್ಯ, ಬಾಯಿ ತುಂಬ ನಗು. ನನ್ನ ಹೆಸರು ಕೇಳಿದ್ದೇ ಒಳಗೆ ಕೂಗಿದ, "ಏ, ಹೊರಗ ಬಾ! ನಿನ್ನ ಮೊದಲನೇ ಗಂಡಾ ಬಂದಾರ!" ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು. ನಾನೂ ನಕ್ಕೆ. ಏನು ಮಾಡಲಿ, ಒಳ್ಳೆಯವನು. ದ್ವೇಷ ಮಾಡಲಿಕ್ಕೂ ಬಿಡಲಿಲ್ಲ.

ಕಾಂತಾ ಬಂದಳು. ಕೂದಲು ಪೂರ್ತಿ ಬಿಳಿ. ಕೈಗೆ ಹಿಟ್ಟು. ಅಮಾವಾಸ್ಯೆಗೆ ಬಸದಿಗೆ ಒಯ್ಯುವ ಲಾಡುಗಳ ತಯಾರಿ ನಡೆದಿತ್ತಂತೆ.

"ಶಶಿಧರ ಸರ್, ಎಷ್ಟ ಸೊರಗೀರಿ. ಕುಂದರ್ರಿ, ಕುಂದರ್ರಿ."

ಧ್ವನಿ ಬೇರೆಯಾಗಿದೆ, ಭಾರವಾಗಿದೆ. ವಯಸ್ಸಲ್ಲವೇ ಎಂದುಕೊಂಡೆ. ಮೊಬೈಲ್ ತೆಗೆದು ವಿಡಿಯೊ ಹಾಕಿದೆ. ಅವಳು ಹಿಟ್ಟಿನ ಕೈ ಮೇಲೆತ್ತಿ ಹಿಡಿದು, ಬಗ್ಗಿ, ಕೊನೆಯವರೆಗೂ ಕೇಳಿದಳು.

"ಇದು ನಾನಲ್ರಿ."

ನನಗೆ ಅರ್ಥವಾಗಲಿಲ್ಲ.

"ನಗು ಎಲ್ಲೈತ್ರಿ ಇದರಾಗ? ಇದು ಆ ಕಡೀ ವರ್ಷದ್ದು. ಲಗ್ನ ಗೊತ್ತಾಗಿತ್ತು, ಇನ್ನ ಬೆಳಗಾವಿಗೆ ಹೋಗೂದು ಬ್ಯಾಡ ಅಂದ್ರು ನಮ್ಮಪ್ಪ. ಇಲ್ಲೇ ಮನ್ಯಾಗ ಕುಂತು ಟಿವಿಯಾಗ ನೋಡೇನಿ. ನೀವು ಬ್ಯಾರೇದಾಕಿನ್ನ ಹೆಂಡ್ತಿ ಮಾಡ್ಕೊಂಡಿದ್ರಿ."

ಪದ್ಮಾಕರ ತೊಡೆ ತಟ್ಟಿಕೊಂಡು ನಕ್ಕ. ಅವಳು ನಗಲಿಲ್ಲ. ನನ್ನನ್ನೇ ನೋಡಿ ಸಣ್ಣಗೆ ಕೇಳಿದಳು, "ನಿಮಗ ಗುರುತ ಸಿಗಲಿಲ್ಲೇನ್ರಿ?"

ಚುರಮುರಿ ಬಂತು, ಚಹಾ ಬಂತು. ಹವಾಮಾನ, ರಸ್ತೆ, ಮೊಣಕಾಲು ನೋವು, ಎಲ್ಲ ಮಾತಾಯಿತು. ಬಾಯಿಪಾಠ ಮಾಡಿದ್ದು ಬಾಯಲ್ಲೇ ಉಳಿಯಿತು. ಹೊರಡುವಾಗ ಪದ್ಮಾಕರ ನನ್ನ ನಂಬರ್ ಬರೆದುಕೊಂಡ.

ಅಕ್ಟೋಬರ್ 18, ಶನಿವಾರ

ಈಗ ನೆನಪಾಗುತ್ತಿದೆ. ಮರೆತಿರಲಿಲ್ಲ, ಈ ವಿಡಿಯೊಗೆ ಅದನ್ನು ಜೋಡಿಸಿರಲಿಲ್ಲ.

ಆ ವರ್ಷ ಕೋಣೆಗೆ ಹೋದಾಗ ರಾಯಪ್ಪ ಒಬ್ಬನೇ ಇದ್ದ. "ಕಾಂತಾಬಾಯಿ ಇನ್ನ ಬರಂಗಿಲ್ರಿ. ಲಗ್ನ ಅಂತ. ನಿಮ್ಮ ಮಾತಷ್ಟ ಹೇಳಿ ಹೋಗ್ರಿ, ಆಕೀದು ಯಾರ ಕಡಿಂದರೆ ಹೇಳಿಸಿ ಸೇರಿಸ್ತೇನಿ."

ಅವಳು ನಿಲ್ಲುತ್ತಿದ್ದ ಕಡೆ ಗೋಣಿಚೀಲದ ಗೋಡೆ. ಆ ಗೋಡೆಗೇ ಹೇಳಿದೆ. ಅವಳ ಮಾತು ಬರುವಷ್ಟು ಹೊತ್ತು ಸುಮ್ಮನಿದ್ದೆ, ಆಮೇಲೆ ನನ್ನದು. "ಏಳು, ಹೊರಡೂಣು" ಎಂದ ಮೇಲೂ ಸುಮ್ಮನೆ ನಿಂತಿದ್ದೆ. ಚಪ್ಪಲಿಗೆ, ನಗುವಿಗೆ. ರಾಯಪ್ಪ "ಮುಗೀತ್ರಿ ಸರ್" ಎಂದು ಲೈಟ್ ಆರಿಸಿದ.

ಹಬ್ಬಕ್ಕೆ ಸವದತ್ತಿಯ ಅಕ್ಕನ ಮನೆಗೆ ಹೋಗಿಬಿಟ್ಟೆ. ಅಲ್ಲಿ ಬೆಳಗಾವಿಯ ಕೇಬಲ್ ಬರುತ್ತಿರಲಿಲ್ಲ. ಅದಕ್ಕೇ ಹೋದದ್ದು. ಆಮೇಲೆ ಯಾವ ಜಾಹೀರಾತೂ ಮಾಡಲಿಲ್ಲ. ಆ ವರ್ಷದ ಪ್ಯಾಂಟ್ ಪೀಸು ಹೊಲಿಸಲಿಲ್ಲ.

ಹಾಗಾದರೆ ಹತ್ತು ದಿನದಿಂದ ಯಾರ ಧ್ವನಿಗೆ ಅಳುತ್ತಿದ್ದೆ? ಯಾವ ಹುಡುಗಿಯೋ ಪಾಪ. ಸಾವಿರ ಜನರ ನಡುವೆ ಗುರುತಿಸುತ್ತೇನಂತೆ! ಇವತ್ತು ಅವಳ ಆಗಿನ ಧ್ವನಿ ನೆನೆದುಕೊಳ್ಳಲು ನೋಡಿದೆ. ಬರಲಿಲ್ಲ. ಈ ಹುಡುಗಿಯದೇ ಬರುತ್ತದೆ. ಇದ್ದದ್ದೊಂದು, ಅದನ್ನೂ ಕೈಯಾರೆ ಕಳೆದುಕೊಂಡೆ.

ಅಕ್ಟೋಬರ್ 20, ಸೋಮವಾರ

ನರಕ ಚತುರ್ದಶಿ. ಎಣ್ಣೆ ಹಚ್ಚಿಕೊಳ್ಳಲಿಲ್ಲ, ಬೆನ್ನಿಗೆ ಕೈ ಹೋಗುವುದಿಲ್ಲ. ಮೇಘಾ ಕರದಂಟು ಕೊಟ್ಟು ಹೋದಳು. ಫೇಸ್‌ಬುಕ್ಕಿನಲ್ಲಿ ಬರೆಸಿದ ತಪ್ಪು ಅಳಿಸು ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಹಳೆಯ ಜಾಹೀರಾತುಗಳ ವಿಡಿಯೊ ಹಾಕಿದೆ. ಬಾಗಿಲು ತೆರೆಯುವ ಮೊದಲೇ ಬಂದ್ ಮಾಡಿದೆ.

ಅಕ್ಟೋಬರ್ 21, ಮಂಗಳವಾರ. ಅಮಾವಾಸ್ಯೆ, ಸಂಜೆ

ಈಗಷ್ಟೇ ಫೋನು ಬಂತು. ಪದ್ಮಾಕರ.

"ಸರ್, ಹಬ್ಬದ ಶುಭಾಶಯ! ಇಲ್ಲೆ ಮನಿಮಂದಿ ಎಲ್ಲಾ ಕೂಡೇತಿ. ನಿಮ್ಮ ಜಾಹೀರಾತು ಒಮ್ಮಿ ಕೇಳಸ್ರಿ ಅಂತ ಬೆನ್ನ ಹತ್ಯಾರ. ಸ್ಪೀಕರ್ ಹಾಕೇನಿ, ಆಕಿಗೆ ಕೊಡ್ತೇನಿ ತಡೀರಿ."

ಬೇಡ ಎನ್ನುವಷ್ಟರಲ್ಲಿ ಅವಳು ಶುರುಮಾಡಿಯೇಬಿಟ್ಟಳು.

"ರೀ, ದೀಪಾವಳಿ ಬಂತು. ಇನ್ನೂ ಪೇಪರ್ ಓದ್ಕೋತ ಕುಂತೀರೇನು?"

ನನ್ನ ಮಾತು ತಾನಾಗಿ ಬಂತು. ಸೀರಿ, ಜಂಪರು, ಶರ್ಟಿಂಗು. ಆ ಅಂಗಡಿ ಮುಚ್ಚಿ ಯಾವ ಕಾಲವಾಯಿತೋ, ಅದರ ಹೆಸರನ್ನು ಗತ್ತಿನಿಂದಲೇ ಹೇಳಿದೆ. "ಏಳು, ಹೊರಡೂಣು."

"ಮೊದಲ ಚಪ್ಪಲಿ ಹಾಕ್ಕೋರಿ!"

ನಕ್ಕಳು. ಮುದುಕಿಯ ನಗು, ನಡುವೆ ಕೆಮ್ಮು. ಆದರೆ ಅದೇ. ಇದಕ್ಕೆ ಗುರುತು ಬೇಕಿರಲಿಲ್ಲ.

ಚಪ್ಪಾಳೆ, ಗದ್ದಲ. ಆಮೇಲೆ ಗದ್ದಲ ದೂರವಾಯಿತು. ಅವಳು ಫೋನ್ ಹಿಡಿದು ಹೊರಗೆ ಬಂದಿರಬೇಕು.

"ಸ್ಪೀಕರ್ ತಗದೇನ್ರಿ. ಆ ವರ್ಷ ಆ ಹುಡುಗಿ ಯಾರ್ರಿ?"

"ಗೊತ್ತಿಲ್ರಿ. ನೋಡೇ ಇಲ್ಲ."

"ಮತ್ತ ಯಾರ ಕೂಡ ಮಾತಾಡಿದ್ರಿ?"

"ಗ್ವಾಡಿ ಕೂಡ."

ನಗಲಿಲ್ಲ. ಎಲ್ಲೋ ಪಟಾಕಿ ಸರ ಹೊಡೆಯುತ್ತಿತ್ತು. ಖಾನಾಪುರದ್ದೋ ಪೀರನವಾಡಿಯದ್ದೋ ತಿಳಿಯಲಿಲ್ಲ.

"ನಿಮ್ಮ ಮಾತಿನ ಜಾಗಾ ಬಿಟ್ಟು ಮಾತಾಡಿದೆ" ಎಂದೆ. "ನಗೂ ಜಾಗಾನೂ ಬಿಟ್ಟಿದ್ದೆ."

ಫೋನ್ ಕಟ್ಟಾಯಿತೇನೋ ಎಂದು ನೋಡಿದೆ, ಆಗಿರಲಿಲ್ಲ.

"ನಾ ಅವತ್ತ ಟಿವಿ ಬಂದ್ ಮಾಡಿ ಅತ್ತಿದ್ದೆ" ಎಂದಳು. ಆಮೇಲೆ, "ಊಟಾ ಆತೇನ್ರಿ?"

"ಇನ್ನ ಇಲ್ಲ."

"ಮಾಡ್ರಿ. ಹೊತ್ತಾಗೇತಿ. ಫೋನ್ ಇಡ್ಲೇನು?"

"ಇಡ್ರಿ."

ಮೊಬೈಲ್ ಮೇಜಿನ ಮೇಲಿಟ್ಟಾಗ ಗೊತ್ತಾಯಿತು, ನಾನು ಎದ್ದು ನಿಂತಿದ್ದೇನೆ. ಕಾಲಲ್ಲಿ ಚಪ್ಪಲಿ. ಯಾವಾಗ ಹಾಕಿಕೊಂಡೆನೋ. ಬಾಗಿಲೂ ತೆಗೆದಿದ್ದೆ. ಕೆಳಗೆ ಮೇಘಾ ಹಣತೆ ಇಡುತ್ತಿದ್ದಳು. ತಲೆಯೆತ್ತಿ "ಎಲ್ಲಿಗೆ ಹೊಂಟೀರಿ ಕಾಕಾ?" ಎಂದಳು.

ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಚಪ್ಪಲಿ ಇನ್ನೂ ಕಾಲಲ್ಲೇ ಇದೆ.