ಕೋಟು ಒಗೆದವರ ಸಾಲು

ಪ್ರೀತಿಯ ಅತ್ತಿಗೆಗೆ, ನಿಮ್ಮ ಬಾಯಿಬಡುಕಿ ನಾದಿನಿಯ ನಮಸ್ಕಾರ.

ಬೆಳಿಗ್ಗೆ ಫೋನಿನಲ್ಲಿ "ಬಂತು ಅತ್ತಿಗೆ, ಬಂತು!" ಎಂದು ಕಿರುಚಿ ಇಟ್ಟುಬಿಟ್ಟೆ. ನೀವು ಅಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಇವಳಿಗೆ ಏನು ಬಂತಪ್ಪಾ ಎಂದುಕೊಂಡಿರಬೇಕು. ಹೊಸ ನಿಯಮ ಅತ್ತಿಗೆ! ಅಚ್ಚಾದ ಪ್ರತಿ ಇದರ ಜೊತೆಗಿದೆ. ನಲವತ್ತೊಂದನೇ ಪುಟ ತೆಗೆಯಿರಿ, ಕೆಂಪು ಗೆರೆ ಎಳೆದಿದ್ದೇನೆ.

ಹೋದ ವರ್ಷ ಅದರ ಕರಡನ್ನು ನಿಮಗೆ ಓದಿ ಹೇಳಿದವಳು ನಾನೇ. ವಿಕಿರಣವಿರುವ ಕಡೆ ದುಡಿದವರಿಗೆ ಕ್ಯಾನ್ಸರ್ ಬಂದರೆ, ಅದು ಕೆಲಸದಿಂದಲೇ ಬಂತೆಂದು ಯಾವಾಗ ಒಪ್ಪಿ ಪರಿಹಾರ ಕೊಡಬೇಕು ಎಂಬ ನಿಯಮ. ವಿಕಿರಣ ಅಳೆಯುವ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡವರು ಮಾತ್ರ ಅದರಲ್ಲಿದ್ದರು. ಹತ್ತೊಂಬತ್ತು ವರ್ಷ ಅವರ ಕೋಟುಗಳನ್ನು ಒಗೆದ ನಿಮಗೆ ಯಾರೂ ಬಿಲ್ಲೆ ಕೊಟ್ಟಿರಲಿಲ್ಲ. ಥೈರಾಯ್ಡ್ ಕ್ಯಾನ್ಸರ್ ಗಡ್ಡೆ ತೆಗೆಸಿದ ಮೇಲೆ ನಿಮ್ಮ ದನಿ ಗೊಗ್ಗರಾಗಿಯೇ ಉಳಿದಿತ್ತು. "ಸಾರ್ವಜನಿಕರ ಅಭಿಪ್ರಾಯ ಕೇಳಿದ್ದಾರೆ, ಬನ್ನಿ" ಎಂದರೆ, "ನನ್ನ ಅಭಿಪ್ರಾಯಾನಾ? ಅದನ್ನ ನಿಮ್ಮಣ್ಣನೇ ಕೇಳಲ್ಲ ಕಣೇ!" ಎಂದು ನಕ್ಕಿರಿ.

ಆದರೂ ಅಹವಾಲು ಕೇಳುವ ಸಭೆಗೆ ಬಂದಿರಿ. ಒಬ್ಬೊಬ್ಬರಿಗೆ ಮೂರೇ ನಿಮಿಷ. ಡಾಕ್ಟರು, ಎಂಜಿನಿಯರು ಎಲ್ಲ ಮುಗಿದ ಮೇಲೆ ನಿಮ್ಮ ಸರದಿ. ಮೈಕು ಹಿಡಿದರೂ ನಿಮ್ಮ ಮಾತು ವೇದಿಕೆಗೆ ಮುಟ್ಟಲಿಲ್ಲ. "ಸ್ವಲ್ಪ ಜೋರಾಗಿ ಹೇಳೀಮ್ಮಾ" ಎಂದರು ಸಮಿತಿಯ ಅಧ್ಯಕ್ಷರು.

"ಜೋರು ದನಿ ಆಪರೇಷನ್ನಲ್ಲಿ ಹೋಯ್ತು ಸಾರ್. ನೀವೇ ಸ್ವಲ್ಪ ಹತ್ರ ಬನ್ನಿ."

ಆ ಮನುಷ್ಯ ನಿಜವಾಗಿಯೂ ಎದ್ದು, ಕುರ್ಚಿ ಎತ್ತಿಕೊಂಡು, ಕೆಳಗಿಳಿದು ನಿಮ್ಮೆದುರು ಕೂತರು! ಉಳಿದ ಸದಸ್ಯರೂ ಕುರ್ಚಿ ಹೊತ್ತುಕೊಂಡು ಸಾಲಾಗಿ ಬಂದರು. ಸಭೆಯೆಲ್ಲ ನಗು.

"ಸಂಜೆ ಬಿಲ್ಲೆ ಬಿಚ್ಚಿಟ್ಟು ಕೋಟು ಮಾತ್ರ ನಮಗೆ ಕಳಿಸೋರು ಸಾರ್. ಕೊಡವಿದ್ರೆ ಧೂಳು ಮುಖಕ್ಕೇ ಬರೋದು. ನಮ್ಮ ಹತ್ರ ಬಿಲ್ಲೆ ಇಲ್ಲ ಅಂತ ಆ ಧೂಳಿಗೇನು ಗೊತ್ತು?"

ನಗು ನಿಂತಿತು. ಮೂರು ನಿಮಿಷದ ಗಂಟೆ ಹೊಡೆಯಿತು, ಅಧ್ಯಕ್ಷರು ತಿರುಗಿಯೂ ನೋಡದೆ ಬರೆದುಕೊಳ್ಳುತ್ತಲೇ ಇದ್ದರು.

ಅತ್ತಿಗೆ, ಒಂದು ಮಾತನ್ನು ಆಗ ಹೇಳಲಿಲ್ಲ. ನಿಮಗಾಗಿ ನಾನು ಎರಡು ಪುಟದ ಭಾಷಣ ಬರೆದುಕೊಟ್ಟಿದ್ದೆ, ಬಾಯಿ ತಿರುಗದ ಪದಗಳನ್ನೆಲ್ಲ ತುಂಬಿ. ಓದಿದವಳು ನಾನು, ನಿಮ್ಮ ಪರವಾಗಿ ನಾನೇ ಮಾತಾಡಬೇಕು ಎಂಬ ಜಂಬ. ನೀವು ಅದನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಅವತ್ತು ನನಗೆ ನಾಚಿಕೆಯಾಯಿತು, ಅದರ ಹತ್ತು ಪಟ್ಟು ಹೆಮ್ಮೆಯಾಯಿತು.

ಇವತ್ತು ಮಧ್ಯಾಹ್ನ ನಿಮ್ಮ ಜೊತೆ ಒಗೆಯುತ್ತಿದ್ದ ಹನ್ನೊಂದು ಮಂದಿಯೂ ನಮ್ಮ ಮನೆಯಲ್ಲಿ. ಕೂರಲು ಜಾಗವಿಲ್ಲದೆ ಇಬ್ಬರು ಅಡುಗೆಮನೆಯ ಕಟ್ಟೆ ಹತ್ತಿದ್ದರು. ನಾನು ಓದಿದೆ: "ಉಡುಪು ಒಗೆದವರು, ಒಣಗಿಸಿದವರು, ಇಸ್ತ್ರಿ ಮಾಡಿದವರು, ಬಿಲ್ಲೆ ಇದ್ದರೂ, ಇಲ್ಲದಿದ್ದರೂ."

ಚಿಕಿತ್ಸೆಯಲ್ಲಿ ಕೂದಲೆಲ್ಲ ಉದುರಿದ ನಿಮ್ಮ ಇಸ್ತ್ರಿ ಅಕ್ಕ, "ಇದ್ರಲ್ಲಿ ನಾನಿದ್ದೀನಾ?" ಎಂದರು. ಇದ್ದೀರಿ ಎಂದೆ. "ಇನ್ನೊಂದ್ಸಲ ಓದು" ಎಂದರು. ಓದಿದೆ. "ಇನ್ನೊಂದ್ಸಲ." ಮೂರನೆಯ ಸಲ ನಾನು ಓದಬೇಕಾಗಲೇ ಇಲ್ಲ. ಹನ್ನೊಂದು ಜನರೂ ಒಟ್ಟಿಗೆ, ಬಾಯಿಪಾಠ ಒಪ್ಪಿಸುವ ಹಾಗೆ, ಕೂಗಿ ಹೇಳಿದರು.

ಬೇಗ ಬನ್ನಿ, ಪರಿಹಾರದ ಅರ್ಜಿಗೆ ಮೊದಲ ರುಜು ನಿಮ್ಮದೇ ಆಗಬೇಕಂತೆ. ನೂರು ಕಾಲ ಹೀಗೇ ನಮ್ಮನ್ನು ನಗಿಸುತ್ತ, ಗದರಿಸುತ್ತ ಇರಿ. ಪುಟ್ಟಿಗೆ ಮುತ್ತು.

ನಿಮ್ಮ ಹೆಮ್ಮೆಯ,
ನಾದಿನಿ